ಸಂಜಿ ಏಳಾತಂದ್ರ ನೆಟ್ ಕುಂಟ್ಲಾಕತ್ತದ, ರೌಟರ್ ಬದಲಿ ಮಾಡ್ಬೇಕೇನ್ರಿ? (ವಿಜಯಪುರ, ಫೈಬರ್, 100 ಎಂಬಿಪಿಎಸ್ ಪ್ಲ್ಯಾನ್)

ಗಣಿತ ಮಿಸ್, ವಿಜಯಪುರ

ಎಲ್ಲಾರಿಗೂ ನಮಸ್ಕಾರ. ಗೋಳಗುಮ್ಮಟದ ಸಮೀಪ ನಮ್ದು ಹಳೇ ಕಲ್ಲಿನ ಮನಿ, ಗ್ವಾಡಿ ಒಂದೂವರಿ ಮೊಳ ದಪ್ಪ ಅವ. ನಾ ದಿನಾ ಸಂಜಿ 7ರಿಂದ 8:30ರ ತನಕ ಎಸ್ಸೆಸ್ಸೆಲ್ಸಿ ಹುಡುಗ್ರಿಗೆ ಆನ್‌ಲೈನ್‌ನ್ಯಾಗ ಗಣಿತ ಹೇಳ್ಕೊಡ್ತೀನಿ, 14 ಹುಡುಗ್ರು ಅದಾರ. ಮಧ್ಯಾಹ್ನ ನೆಟ್ ಭಾಳ ಛಲೋ ಇರ್ತದ, ಸಂಜಿ ಆತಂದ್ರ ನನ್ನ ಧ್ವನಿ ತುಂಡ ತುಂಡ ಆಗ್ತದಂತ, ಮಿಸ್ ಕೇಳ್ಸವಲ್ದ್ರಿ ಮಿಸ್ ಕೇಳ್ಸವಲ್ದ್ರಿ ಅಂತ ಒಂದಾ ಸಮ ಮೆಸೇಜ್, ಪ್ರಮೇಯ ಅರ್ಧಾ ಬಿಡಿಸಿದ್ರಾಗ ನಿಂತ್ರ ಮತ್ತ ಮೊದ್ಲಿಂದ ಶುರು ಮಾಡ್ಬೇಕು, ಪರೀಕ್ಷಾ ಬ್ಯಾರೆ ಹತ್ರ ಬಂದದ. ಕೇಬಲ್‌ನವರಿಗೆ 3 ಸಲ ಫೋನ್ ಮಾಡೀನಿ. ಅವರು ಬರೋದು ಮಧ್ಯಾಹ್ನಾನೇ, ಬಂದು ಸ್ಪೀಡ್ ಟೆಸ್ಟ್ ಮಾಡಿ "94 ಬರ್ಲಾಕತ್ತದಲ್ರಿ" ಅಂದು ಹೋಗ್ತಾರ. ನಮ್ಮ ಯಜಮಾನ್ರು ಹೊಸಾ ರೌಟರ್ ತರ್ತೀನಿ ಅಂತಾರ, 4,000 ರೂಪಾಯಿ ಅಂತ. ತರ್ಲೇನ್ರಿ?

ನವನಗರದಾಂವ, ಬಾಗಲಕೋಟಿ

ಅಕ್ಕಾರ, ಈಗ ಏನೂ ತರಬ್ಯಾಡ್ರಿ. ಎಲ್ಲಿ ಕೆಟ್ಟೈತಿ ಅಂತ ಗೊತ್ತಾಗದ ಸಾಮಾನ ಬದಲಿ ಮಾಡೋದು ಬ್ಯಾಡ. ನಿಮ್ಮ ಲ್ಯಾಪ್‌ಟಾಪಿಂದ ಹೊರಗಿನ ತನಕ ದಾರಿ ಎರಡು ತುಂಡ ಐತಿ, ಮನಿ ಒಳಗಿಂದು ಒಂದು, ರೌಟರ್ ದಾಟಿ ಹೊರಗಿಂದು ಒಂದು. ಎರಡೂ ಬ್ಯಾರೆ ಬ್ಯಾರೆ ಅಳೀಬೇಕು. ಕಮಾಂಡ್ ವಿಂಡೋ ತಗದು ಪಿಂಗ್ 192.168.1.1 ಅಂತ ಹೊಡೀರಿ (ರೌಟರ್ ಕೆಳಗ ಚೀಟಿ ಇರ್ತೈತಿ, ಅಡ್ರೆಸ್ ಬ್ಯಾರೆ ಇದ್ರ ಅದನ್ನ ಹೊಡೀರಿ), ಆಮ್ಯಾಲ ಪಿಂಗ್ 8.8.8.8 (ಇದು ಹೊರಗಿನ ಗೂಗಲ್ ಸರ್ವರ್). ಪಿಂಗ್ ಅಂದ್ರ ಒಂದು ಸಣ್ಣ ಸಂದೇಶ ಹೋಗಿ ವಾಪಸ್ ಬರಾಕ ಎಷ್ಟ ಮಿಲಿಸೆಕೆಂಡ್ ಹಿಡೀತೈತಿ ಅಂತ ಅಳಿಯೋದು. ಮಧ್ಯಾಹ್ನ ಒಮ್ಮೆ, ಸಂಜಿ 7:15ಕ್ಕ ಒಮ್ಮೆ. ವೈಫೈ ಮ್ಯಾಲ ಮಾಡ್ರಿ, ಲ್ಯಾನ್ ವಾಯರ್ ಹಾಕಿನೂ ಮಾಡ್ರಿ. ಸ್ಪೀಡ್ ಟೆಸ್ಟ್‌ನ್ಯಾಗ ಅಪ್‌ಲೋಡ್ ಎಷ್ಟ ಅನ್ನೋದನ್ನೂ ಬರಕೋರಿ, ಅದನ್ನ ಎಲ್ಲಾರೂ ಬಿಡ್ತಾರ.

ಇನ್ನೊಂದು, ರೌಟರ್ ಪೇಜಿನ್ಯಾಗ ಆಪ್ಟಿಕಲ್ ಪವರ್ ಅಂತ ಇರ್ತೈತಿ, ಆರ್‌ಎಕ್ಸ್ ಪವರ್ (ಫೈಬರಿಂದ ನಿಮ್ಮ ರೌಟರಿಗೆ ಮುಟ್ಟೋ ಬೆಳಕಿನ ಬಲ, ಡಿಬಿಎಮ್ ಲೆಕ್ಕದಾಗ) ಎಷ್ಟೈತಿ ಹೇಳ್ರಿ. ಮೈನಸ್ 27 ದಾಟಿ ಕೆಳಗ ಹೋಗಿದ್ರ ಅದು ಲೈನಿಂದಾ ತಪ್ಪು. ಬಾದಾಮ್ಯಾಗ ನಮ್ಮ ಮಾಮಾನ ಮನ್ಯಾಗ ಮಂಗ್ಯಾಗೋಳು ಫೈಬರ್ ವಾಯರಿಗೆ ಜೋತಾಡಿ ಮಾಳಗಿ ಮೂಲ್ಯಾಗ ಅದು ಚೂಪಂಗ ಮಡಚಿ ಬಿಟ್ಟಿತ್ತು, ಕಟ್ ಆಗಿರಲಿಲ್ಲ, ಆದ್ರ ಮಡಚಿದಲ್ಲಿ ಬೆಳಕು ಸೋರಿ ಹೋಗಿ ಪವರ್ ಬಿದ್ದಿತ್ತು, ಬಿಡಿಸಿ ದುಂಡಗ ಸುತ್ತಿದ ಕೂಡ್ಲೇ ಸರಿ ಆತು.

ತಿಳಕವಾಡಿ, ಬೆಳಗಾವಿ

ಡಿಎನ್‌ಎಸ್ 1.1.1.1 ಹಾಕಿ ನೋಡ್ರಿ ಮೇಡಂ, ನನಗ ಸ್ಪೀಡ್ ಆತು. ಕಲ್ಲಿನ ಗ್ವಾಡಿ ಅಂದ್ರ ವೈಫೈದ 5 ಗಿಗಾಹರ್ಟ್ಸ್ ತರಂಗ ಸರಿಯಾಗಿ ದಾಟಂಗಿಲ್ಲ, 2.4ಕ್ಕ ಹಾಕ್ರಿ, ಚಾನೆಲ್ 1 ಇಲ್ಲಾ 6 ಇಲ್ಲಾ 11, ಆ ಮೂರೇ ಒಂದರ ಮ್ಯಾಲ ಒಂದು ಬರಂಗಿಲ್ಲ.

ನವನಗರದಾಂವ, ಬಾಗಲಕೋಟಿ

ಚಾನೆಲ್ ಮಾತು ಖರೇ ಐತ್ರಿ ಸರ್. ಡಿಎನ್‌ಎಸ್ ಅಂದ್ರ ಹೆಸರು ಕೊಟ್ರ ಅಡ್ರೆಸ್ ಹುಡುಕಿ ಕೊಡೋದಷ್ಟ, ಪೇಜ್ ತಗಿಯೋದು ಒಂಚೂರು ಬಿರಿ ಆಗಬಹುದು, ಕ್ಲಾಸ್ ನಡದಾಗ ಧ್ವನಿ ತುಂಡಾಗೋದಕ್ಕ ಅದು ಔಷಧ ಅಲ್ಲ. ಗ್ವಾಡಿದಾ ತಪ್ಪಿದ್ರ ಮಧ್ಯಾಹ್ನನೂ ಹಂಗ ಆಗಬೇಕಿತ್ತು, ಗ್ವಾಡಿ ಸಂಜಿಗೆ ದಪ್ಪ ಆಗಂಗಿಲ್ಲ. ಅಕ್ಕಾರು ನಂಬರ್ ಹಾಕಲಿ.

ಗಣಿತ ಮಿಸ್, ವಿಜಯಪುರ

ಎರಡು ದಿನ ಕುಂತು ಅಳದೀನ್ರಿ. ಮಧ್ಯಾಹ್ನ 3ಕ್ಕ, ವಾಯರ್ ಹಾಕಿ: ಡೌನ್‌ಲೋಡ್ 94, ಅಪ್‌ಲೋಡ್ 9.6, ರೌಟರಿಗೆ ಪಿಂಗ್ 1, ಹೊರಗ 22 ಮಿಲಿಸೆಕೆಂಡ್. ಸಂಜಿ 7:15ಕ್ಕ ಅದಾ ವಾಯರ್‌ನ್ಯಾಗ ಡೌನ್‌ಲೋಡ್ 11, ಅಪ್‌ಲೋಡ್ 0.8, ರೌಟರಿಗೆ ಆಗನೂ 1, ಹೊರಗ ಮಾತ್ರ 640 ಅದ, ನಡುನಡುವ ಟೈಮ್ ಔಟ್. ವೈಫೈ ಒಳಗಿನ ಖೋಲ್ಯಾಗ ಯಾವಾಗಿದ್ರೂ 6ರಿಂದ 8 ಅಷ್ಟೇ. ಪವರ್ ಮೈನಸ್ 20.6 ಡಿಬಿಎಮ್.

ನವನಗರದಾಂವ, ಬಾಗಲಕೋಟಿ

ಭಾಳ ಛಲೋ ಅಳದೀರಿ ಅಕ್ಕಾರ, ಈಗ ಎಲ್ಲಾ ಕಾಣಾಕತ್ತೈತಿ. ಪವರ್ ಛಲೋ ಐತಿ, ಫೈಬರ್ ಸರಿ. 94 ಬಂದ್ರ ಅದು 100ರ ಪೋರ್ಟಿನ ಪೂರಾ ಸ್ಪೀಡ್, ಕಮ್ಮಿ ಅಲ್ಲ. ಸಂಜಿಕ್ಕ ರೌಟರಿಗೆ 1 ಇದ್ದು ಹೊರಗ 640 ಅಂದ್ರ ಸಾಲು ನಿಂತಿರೋದು ರೌಟರ್ ಬಾಗಲದಾಗ. ನಿಮ್ಮ ಪ್ಲ್ಯಾನ್ ಅಪ್‌ಲೋಡ್ 10 ಮಾತ್ರ ಕಾಣತೈತಿ, ಅದನ್ನ ಯಾರೋ ಪೂರಾ ತುಂಬಾಕತ್ತಾರ. ಸಂಜಿ ಮನ್ಯಾಗ ದೊಡ್ಡ ಫೈಲ್ ಮ್ಯಾಲ ಕಳಸೋರು ಯಾರರ ಅದಾರೇನ್ರಿ? ಫೋನ್ ಬ್ಯಾಕಪ್, ಸಿಸಿಟಿವಿ, ಏನರ?

ಗಣಿತ ಮಿಸ್, ವಿಜಯಪುರ

ನಮ್ಮ ಮೈದುನ ಲಗ್ನದ ವಿಡಿಯೋ ಮಾಡ್ತಾನ್ರಿ. ಸಂಜಿ 6:30ಕ್ಕ ಮನಿಗೆ ಬಂದು ಪಡಸಾಲ್ಯಾಗಿನ ಕಂಪ್ಯೂಟರಿಂದ ಎಡಿಟಿಂಗ್‌ನವರಿಗೆ ಕಳಸ್ಲಾಕ ಹಚ್ಚಿ ಊಟಕ್ಕ ಹೋಗ್ತಾನ. ಒಂದ್ ಲಗ್ನ ಅಂದ್ರ 60 ಜಿಬಿ ಆಗ್ತದಂತ. ಅವಂದು ಅಪ್‌ಲೋಡ್ ಅಲ್ರಿ, ನನಗ ಡೌನ್‌ಲೋಡೂ ಯಾಕ್ ಬಿದ್ದದ ಮತ್ತ?

ನವನಗರದಾಂವ, ಬಾಗಲಕೋಟಿ

ಸಿಕ್ಕಿತು ನೋಡ್ರಿ. ನಿಮಗ ಡೌನ್‌ಲೋಡ್ ಆಗಬೇಕಂದ್ರೂ "ಇದು ಮುಟ್ಟೇತಿ, ಮುಂದಿಂದು ಕಳಸ್ರಿ" ಅಂತ ಸಣ್ಣ ಸಣ್ಣ ಚೀಟಿ ನಿಮ್ಮ ಕಡಿಂದ ವಾಪಸ್ ಹೋಗ್ತಿರಬೇಕು. ಒಣದ್ರಾಕ್ಷಿ ಸೀಜನ್‌ನ್ಯಾಗ ಎಪಿಎಂಸಿ ಗೇಟಿಗೆ ಲಾರಿ ಸಾಲ ಹಚ್ಚಿದ್ರ ಚೀಟಿ ಹಿಡಕೊಂಡ ಸೈಕಲ್ ಹುಡುಗನೂ ಲಾರಿ ಹಿಂದನಾ ನಿಂದರ್ತಾನಲ್ರಿ, ಹಂಗ. ಚೀಟಿ ತಡಾ ಆದ್ರ ಆ ಕಡಿಯಾಂವ ಮುಂದಿನ ಮಾಲು ಕಳಸಂಗಿಲ್ಲ. ಸಾಲ ಉದ್ದ ಇಟಗೊಳ್ಳೋ ರೌಟರ್‌ನ್ಯಾಗ ಇದು ಇನ್ನೂ ಜೋರ. ನಿಮ್ಮ ಧ್ವನಿನೂ ಅದಾ ಗೇಟಿಂದ ಹೊರಗ ಹೋಗಬೇಕು.

10ರ ಅಪ್‌ಲೋಡ್‌ನ್ಯಾಗ 60 ಜಿಬಿಗೆ 13 ತಾಸಿನ ಮ್ಯಾಲ ಹಿಡೀತೈತಿ, ಅಂದ್ರ ಸಂಜಿ ಹಚ್ಚಿದ್ದು ಮುಂಜಾನಿ ತನಕ ಓಡ್ತಿರತೈತಿ. ಪಾಪ ಅಂವಂದೂ ಹೊಟ್ಟಿಪಾಡು, ಬಂದ್ ಮಾಡು ಅನ್ನಬ್ಯಾಡ್ರಿ. ಅವನ ಸಾಫ್ಟ್‌ವೇರ್‌ನ್ಯಾಗ ಅಪ್‌ಲೋಡ್ ಲಿಮಿಟ್ ಅಂತ ಇರ್ತೈತಿ, ಸಂಜಿ 4 ಎಂಬಿಪಿಎಸ್ ಇಡ್ರಿ (ಅಲ್ಲಿ ಎಂಬಿ, ಅಂದ್ರ ಮೆಗಾಬೈಟ್ ಅಂತಿದ್ರ, ಒಂದ್ ಬೈಟಿಗೆ 8 ಬಿಟ್, ಅದಕ್ಕ ಎಂಟರಿಂದ ಭಾಗಿಸಿ 0.5 ಹಾಕ್ರಿ, ಇಲ್ಲೇ ಭಾಳ ಮಂದಿ ತಪ್ಪತಾರ), ಉಳಿದದ್ದು ನಿಮಗ ಸಾಕಾಗತೈತಿ. ರಾತ್ರಿ 11ರಿಂದ ಮುಂಜಾನಿ 7ರ ತನಕ ಪೂರಾ ಬಿಟ್ರ 8 ತಾಸಿನ್ಯಾಗ 36 ಜಿಬಿ ತನಕ ಹೋಗತೈತಿ, ಎರಡು ರಾತ್ರ್ಯಾಗ ಒಂದ್ ಲಗ್ನ ಮುಗೀತು.

ಒಳಗಿನ ಖೋಲಿ ವೈಫೈ ಬ್ಯಾರೆ ರೋಗ, ಅದು ಗ್ವಾಡಿದಾ. ಮನ್ಯಾಗ ಹಳೇ ರೌಟರ್ ಬಿದ್ದೈತೇನ್ರಿ? ಇದ್ರ ವಾಯರ್ ಎಳದು ಅದನ್ನ ಆ ಖೋಲ್ಯಾಗ ವೈಫೈಗೆ ಇಡಬಹುದು.

ಗಣಿತ ಮಿಸ್, ವಿಜಯಪುರ

ಮೈದುನಂಗ ಈ ಚರ್ಚಾ ಪೂರಾ ಓದಿಸಿದೆ. "ವೈನಿ, ನನಗ ಗೊತ್ತಾ ಇದ್ದಿಲ್ರಿ" ಅಂತ ತಾನಾ ಕುಂತು 0.5 ಹಾಕಿದ. ಇವತ್ತ 7:15ಕ್ಕ ಹೊರಗಿನ ಪಿಂಗ್ 26! ಒಂದೂವರಿ ತಾಸು ಒಮ್ಮೆನೂ ನಿಲ್ಲಲಿಲ್ರಿ, ಪೈಥಾಗೊರಸ್ ಪ್ರಮೇಯ ಒಂದಾ ದಮ್ಮಿಗೆ ಮುಗಿಸೀನಿ. ಎಷ್ಟ್ ಉಪಕಾರ ಆತು ಹೇಳ್ಲಾಕ ಆಗವಲ್ದು. ಹೌದು, ಹಳೇ ರೌಟರ್ ಕಪಾಟ್‌ನ್ಯಾಗ ಅದ. ಅಂಥಾ ಗ್ವಾಡಿ ಕೊರಿಯೋದು ಹ್ಯಾಂಗ್ರಿ ಆದ್ರ?

ತಿಳಕವಾಡಿ, ಬೆಳಗಾವಿ

ಕೊರೀಬ್ಯಾಡ್ರಿ ಮೇಡಂ, ಕಿಡಕಿ ಚೌಕಟ್ಟಿನ ಸಂದ್ಯಾಗಿಂದ ಕ್ಯಾಟ್ 5ಇ (ನೆಟ್‌ವರ್ಕ್) ವಾಯರ್ ತಗೀರಿ.

ನವನಗರದಾಂವ, ಬಾಗಲಕೋಟಿ

ಸರ್ ಹೇಳಿದ್ದಾ ಸರಿ. ಹಳೇ ರೌಟರ್‌ನ್ಯಾಗ ಮೊದಲ ಡಿಎಚ್‌ಸಿಪಿ (ಫೋನ್, ಲ್ಯಾಪ್‌ಟಾಪಿಗೆ ಅಡ್ರೆಸ್ ಹಂಚೋ ಕೆಲಸ) ಬಂದ್ ಮಾಡ್ರಿ, ಅದರ ಅಡ್ರೆಸ್ 192.168.1.2 ಮಾಡ್ರಿ, ಆಮ್ಯಾಲ ವಾಯರನ್ನ ಅದರ ವ್ಯಾನ್ (ಹೊರಗಿನ ನೆಟ್ ಬರೋ) ಪೋರ್ಟಿಗಲ್ಲ, ಲ್ಯಾನ್ (ಮನಿ ಒಳಗಿನ) ಪೋರ್ಟಿಗೆ ಚುಚ್ಚ್ರಿ. ಡಿಎಚ್‌ಸಿಪಿ ಬಂದ್ ಮಾಡದ ಚುಚ್ಚಿದ್ರ ಎರಡೂ ರೌಟರ್ ಅಡ್ರೆಸ್ ಹಂಚಾಕ ನಿಂತು ಮನೀದೆಲ್ಲಾ ನೆಟ್ ಗೊಂದಲ ಆಗತೈತಿ, ಅದಕ್ಕ ಐತವಾರ ಮಧ್ಯಾಹ್ನ ಮಾಡ್ರಿ, ಕ್ಲಾಸಿನ ಹೊತ್ತಿಗೆ ಬ್ಯಾಡ. ಎಲ್ಲೇರ ಸಿಕ್ಕೊಂಡ್ರ ಇಲ್ಲೇ ಬರೀರಿ, ನಾ ನೋಡ್ತಿರ್ತೀನಿ.