ಹಳೆ 802.3ಎಟಿ ಸ್ವಿಚ್, ಹೊಸ ಬಿಟಿ ಕ್ಯಾಮೆರಾ, ಜೊತೆಗೆ 24 ವೋಲ್ಟ್ ರೇಡಿಯೊ: ಒಟ್ಟಿಗೆ ಓಡಿಸುವುದು ಹೇಗೆ?

ಪ್ರಶ್ನೆ

24 ಪೋರ್ಟ್‌ನ 802.3ಎಟಿ ಪಿಒಇ ಸ್ವಿಚ್ ಇದೆ (ಪಿಒಇ ಎಂದರೆ ನೆಟ್‌ವರ್ಕ್ ಕೇಬಲ್‌ನಲ್ಲೇ ಪವರ್ ಕೊಡುವುದು; ಎಎಫ್, ಎಟಿ, ಬಿಟಿ ಅದರ ಒಂದರ ನಂತರ ಒಂದು ಬಂದ ಮಾನದಂಡಗಳು), ಪವರ್ ಬಜೆಟ್ 370 ವ್ಯಾಟ್. ಅದರ ಮೇಲೆ 12 ಹಳೆ ಎಎಫ್ ಐಪಿ ಫೋನ್ (ಎಲ್ಲವೂ ಕ್ಲಾಸ್ 0; ಕ್ಲಾಸ್ ಎಂದರೆ ಸಾಧನ ತನಗೆ ಬೇಕೆಂದು ತಿಳಿಸುವ ಪವರ್ ಮಟ್ಟ), 6 ಎಟಿ ವೈಫೈ ಆ್ಯಕ್ಸೆಸ್ ಪಾಯಿಂಟ್ ಇವೆ. ಈಗ ಬಿಟಿ ಕ್ಲಾಸ್ 6 ಪಿಟಿಜೆಡ್ (ತಿರುಗುವ, ಜೂಮ್ ಆಗುವ) ಕ್ಯಾಮೆರಾ ಸೇರಿಸಬೇಕು, ಕೇಬಲ್ 80 ಮೀಟರ್. ಚುಚ್ಚಿದರೆ ಸ್ವಿಚ್ ಪವರ್ ಕೊಡುವುದೇ ಇಲ್ಲ. ಒಂದು ಆ್ಯಕ್ಸೆಸ್ ಪಾಯಿಂಟ್ ಕಿತ್ತರೆ ಕ್ಯಾಮೆರಾ ಏಳುತ್ತದೆ, ಆದರೆ ರಾತ್ರಿ ಐಆರ್ ದೀಪ, ಹೀಟರ್ ಆನ್ ಆದಾಗ ರೀಬೂಟ್ ಆಗುತ್ತದೆ. 24 ವೋಲ್ಟ್ ಪ್ಯಾಸಿವ್ (ಪಿಒಇ ಮಾನದಂಡ ಪಾಲಿಸದ) ವೈರ್‌ಲೆಸ್ ರೇಡಿಯೊ ಒಂದಿದೆ, ಅದರಲ್ಲಿ ದೀಪವೂ ಹತ್ತುತ್ತಿಲ್ಲ. ಕ್ಯಾಮೆರಾಗೆ 60 ವ್ಯಾಟ್‌ನ ಬಿಟಿ ಇಂಜೆಕ್ಟರ್ (ನಡುವೆ ಕೂತು ಕೇಬಲ್‌ಗೆ ಪವರ್ ಸೇರಿಸುವ ಪೆಟ್ಟಿಗೆ) ಹಾಕಿದರೆ, ಯಾರಾದರೂ ತಪ್ಪಿ ಹಳೆ ಫೋನನ್ನು ಅದಕ್ಕೆ ಚುಚ್ಚಿದಾಗ ಸುಟ್ಟುಹೋಗುತ್ತದೆಯೇ?

ಉತ್ತರ 1

ಸುಡುವುದಿಲ್ಲ. ಎಎಫ್ (2003), ಎಟಿ (2009), ಬಿಟಿ (2018) ಮೂರರಲ್ಲೂ ಪವರ್ ಕೊಡುವ ಕಡೆ ಮೊದಲು 2.7ರಿಂದ 10.1 ವೋಲ್ಟ್‌ನ ಒಳಗೆ ಪರೀಕ್ಷಿಸಿ, ಎದುರಿಗೆ ಸುಮಾರು 25 ಕಿಲೋಓಮ್ ಕಂಡರೆ ಮಾತ್ರ ಮುಂದುವರಿಯುತ್ತದೆ. ಆಮೇಲೆ ಕ್ಲಾಸ್ ಕೇಳಿ ಅಷ್ಟಕ್ಕೇ ಮಿತಿ ಹಾಕುತ್ತದೆ. 60 ವ್ಯಾಟ್ ಎಂಬುದು ಗರಿಷ್ಠ ಸಾಮರ್ಥ್ಯ. ಫೋನ್ ತನಗೆ ಬೇಕಾದಷ್ಟನ್ನೇ ಎಳೆಯುತ್ತದೆ.

ರೇಡಿಯೊ ಏಳದಿರುವುದಕ್ಕೂ ಇದೇ ಕಾರಣ. ಪ್ಯಾಸಿವ್ ಸಾಧನದಲ್ಲಿ ಆ 25 ಕಿಲೋಓಮ್ ಗುರುತು ಇಲ್ಲ, ಹಾಗಾಗಿ ಸ್ವಿಚ್ ಸುಮ್ಮನಿರುವುದು ಸರಿಯಾದ ನಡವಳಿಕೆ. ಅದರದೇ 24 ವೋಲ್ಟ್ ಇಂಜೆಕ್ಟರನ್ನು ನಡುವೆ ಹಾಕಿ, ಇಲ್ಲವೇ ಎಎಫ್ ತೆಗೆದುಕೊಂಡು 24 ವೋಲ್ಟ್ ಕೊಡುವ ಕನ್ವರ್ಟರ್ ಬಳಸಿ. ಸಾಮಾನ್ಯವಾಗಿ ಪಿನ್ 4, 5ರಲ್ಲಿ ಪ್ಲಸ್, 7, 8ರಲ್ಲಿ ಮೈನಸ್ ಇರುತ್ತದೆ. ರೇಡಿಯೊದ ಲೇಬಲ್ ನೋಡಿ ಖಚಿತಪಡಿಸಿಕೊಳ್ಳಿ.

ನಿಜವಾದ ಅಪಾಯ ಇರುವುದು ಈ ಪ್ಯಾಸಿವ್ ಇಂಜೆಕ್ಟರ್‌ನಲ್ಲೇ. ಅದು ಏನನ್ನೂ ಕೇಳದೆ ಸದಾ ವೋಲ್ಟೇಜ್ ಕೊಡುತ್ತಿರುತ್ತದೆ. ಪಿಒಇ ಇಲ್ಲದ ಎಷ್ಟೋ ಪೋರ್ಟ್‌ಗಳಲ್ಲಿ ಪ್ರತಿ ತಂತಿ ಜೋಡಿಗೂ 75 ಓಮ್‌ನ ಟರ್ಮಿನೇಷನ್ ರೆಸಿಸ್ಟರ್ ಇರುತ್ತದೆ. ಎರಡು ಜೋಡಿಗಳ ನಡುವೆ 150 ಓಮ್ ಎಂದಾದರೆ 24 ವೋಲ್ಟ್‌ಗೆ 3.84 ವ್ಯಾಟ್, 48 ವೋಲ್ಟ್‌ಗೆ 15 ವ್ಯಾಟ್. ಆ ಪುಟ್ಟ ರೆಸಿಸ್ಟರ್ ಇದನ್ನು ತಡೆಯುವುದಿಲ್ಲ. ಆ ಕೇಬಲ್‌ನ ಎರಡೂ ತುದಿಗೆ ದೊಡ್ಡದಾಗಿ ಲೇಬಲ್ ಅಂಟಿಸಿ.

ಉತ್ತರ 2

ಬಜೆಟ್ ಲೆಕ್ಕ ಹಾಕಿ ನೋಡಿ. ಕ್ಲಾಸ್ ನೋಡಿ ಮೀಸಲಿಡುವ ಸ್ವಿಚ್ ಕ್ಲಾಸ್ 0 ಫೋನ್‌ಗೆ ತಲಾ 15.4 ವ್ಯಾಟ್ ಹಿಡಿಯುತ್ತದೆ: 12ಕ್ಕೆ 184.8. ಆ್ಯಕ್ಸೆಸ್ ಪಾಯಿಂಟ್ ಕ್ಲಾಸ್ 4, ತಲಾ 30: 180. ಒಟ್ಟು 364.8, ಉಳಿದದ್ದು 5.2 ವ್ಯಾಟ್. ಒಂದನ್ನು ಕಿತ್ತಾಗ 30 ಬಿಡುಗಡೆಯಾಯಿತು, ಕ್ಯಾಮೆರಾ ಎದ್ದಿತು. ಫೋನಿನ ಡೇಟಾಶೀಟ್‌ನಲ್ಲಿ ಗರಿಷ್ಠ 6 ವ್ಯಾಟ್ ಎಂದಿದ್ದರೆ ಆ ಪೋರ್ಟ್‌ಗಳಿಗೆ 7 ವ್ಯಾಟ್ ಮಿತಿ ಹಾಕಿ, 100.8 ವ್ಯಾಟ್ ವಾಪಸ್ ಸಿಗುತ್ತದೆ. ಮೀಸಲು ಬಿಟ್ಟು ನಿಜ ಬಳಕೆಯ ಲೆಕ್ಕ ಹಿಡಿಯುವ ಆಯ್ಕೆ ಸ್ವಿಚ್‌ನಲ್ಲಿ ಇದ್ದರೆ ಅದೂ ಆಗುತ್ತದೆ, ಆದರೆ ಎಲ್ಲ ಫೋನ್ ಒಟ್ಟಿಗೆ ಬೂಟ್ ಆಗುವ ಹೊತ್ತಿಗೂ ಸಾಕಾಗುವಷ್ಟು ಉಳಿಸಿಕೊಳ್ಳಿ.

ರಾತ್ರಿಯ ರೀಬೂಟ್ ಬೇರೆ ವಿಷಯ. ಎಟಿ ಪೋರ್ಟ್ 30 ವ್ಯಾಟ್ ಕೊಟ್ಟರೂ ಸಾಧನಕ್ಕೆ ಖಾತ್ರಿ 25.5 ಮಾತ್ರ. ಕ್ಲಾಸ್ 6 ಕ್ಯಾಮೆರಾಗೆ 51 ಬೇಕು. ಕಡಿಮೆ ಪವರ್ ಸಿಕ್ಕಿದೆ ಎಂದು ತಿಳಿದು ಹೀಟರ್ ಬಿಟ್ಟು ಓಡುವುದು ಕ್ಯಾಮೆರಾದ ಕರ್ತವ್ಯ. ಹಾಗೆ ಮಾಡದ ಮಾಡೆಲ್‌ಗಳು ಮಿತಿ ದಾಟುತ್ತವೆ, ಸ್ವಿಚ್ ಪೋರ್ಟ್ ಕಡಿಯುತ್ತದೆ. ಇಲ್ಲಿ ಬಿಟಿ ಇಂಜೆಕ್ಟರೇ ಬೇಕು, ಸೆಟ್ಟಿಂಗ್ ಬದಲಿಸಿ ಪ್ರಯೋಜನವಿಲ್ಲ.

ಇಂಜೆಕ್ಟರ್ ಹಾಕಿದ ಮೇಲೆ ಸ್ವಿಚ್‌ನ ಆ ಪೋರ್ಟ್‌ನಲ್ಲಿ ಪಿಒಇ ಆಫ್ ಮಾಡಿ, ಇಬ್ಬರೂ ಒಂದೇ ಸಾಧನವನ್ನು ಹುಡುಕುವುದು ಬೇಡ. ಪ್ಯಾಚ್ ಕೇಬಲ್‌ನಲ್ಲಿ ಎಂಟೂ ತಂತಿ ಇರಲಿ. 1, 2, 3, 6ನೇ ತಂತಿ ಮಾತ್ರ ಇರುವ ಹಳೆ ಕೇಬಲ್‌ನಲ್ಲಿ ಬಿಟಿಯ ನಾಲ್ಕು ಜೋಡಿ ಪವರ್ ಹೋಗುವುದಿಲ್ಲ.

ಇನ್ನೊಂದು ಮಾತು: ಆ್ಯಕ್ಸೆಸ್ ಪಾಯಿಂಟ್‌ನಲ್ಲಿ ಒಂದು ವೈಫೈ ರೇಡಿಯೊ ತಾನಾಗಿ ಆಫ್ ಆಗಿದ್ದರೆ ಸ್ವಿಚ್‌ನಲ್ಲಿ ಎಲ್‌ಎಲ್‌ಡಿಪಿ (ಸಾಧನಗಳು ಒಂದಕ್ಕೊಂದು ತಮ್ಮ ವಿವರ ತಿಳಿಸುವ ಪ್ರೋಟೋಕಾಲ್) ಆನ್ ಇದೆಯೇ ನೋಡಿ. ಕೆಲವು ಎಟಿ ಸ್ವಿಚ್‌ಗಳು ಮೊದಲು 12.95 ವ್ಯಾಟ್ ಲೆಕ್ಕದಲ್ಲೇ ಬಿಟ್ಟು, ಉಳಿದದ್ದನ್ನು ಎಲ್‌ಎಲ್‌ಡಿಪಿ ಮೂಲಕ ಕೇಳಿದರೆ ಮಾತ್ರ ಕೊಡುತ್ತವೆ.

ಪ್ರಶ್ನೆ ಕೇಳಿದವರು

ಫೋನ್ ಪೋರ್ಟ್‌ಗಳಿಗೆ ಮಿತಿ ಹಾಕಿದೆ, ಬಜೆಟ್ ಸರಿಹೋಯಿತು. ಇಂಜೆಕ್ಟರ್ ಹಾಕಿದರೂ ಹೀಟರ್ ಆನ್ ಆದಾಗ ಕ್ಯಾಮೆರಾ ಆಫ್ ಆಗುತ್ತಿದೆ. ಇಂಜೆಕ್ಟರ್ ಕಡೆ 55 ವೋಲ್ಟ್, ಕ್ಯಾಮೆರಾ ಕಡೆಯ ಟೆಸ್ಟರ್‌ನಲ್ಲಿ ಆಫ್ ಆಗುವ ಮುಂಚೆ 42 ವೋಲ್ಟ್, 48 ವ್ಯಾಟ್.

ಉತ್ತರ 3

ಕೇಬಲ್ ದೋಷ. 48 ವ್ಯಾಟ್‌ಗೆ 42 ವೋಲ್ಟ್ ಎಂದರೆ ಸುಮಾರು 1.14 ಆಂಪಿಯರ್. 13 ವೋಲ್ಟ್ ನಷ್ಟವಾಗಿದೆ, ಅಂದರೆ ದಾರಿಯಲ್ಲಿ 11.4 ಓಮ್. 100 ಮೀಟರ್‌ಗೆ ಬಿಟಿ ಮಾನದಂಡದ ಲೆಕ್ಕ ನಾಲ್ಕು ಜೋಡಿ ಸೇರಿ 6.25 ಓಮ್, ನಿಮ್ಮ 80 ಮೀಟರ್‌ಗೆ 5 ದಾಟಬಾರದು. ಕ್ಲಾಸ್ 6 ಸಾಧನಕ್ಕೆ ಕನಿಷ್ಠ 42.5 ವೋಲ್ಟ್ ತಲುಪಲೇಬೇಕು.

ತುದಿಯಲ್ಲಿ ಒಂದು ತಂತಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗೆ ಕಂಡರೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಪಿಒಇಗೆ ಅದನ್ನು ಬಳಸಲೇಬಾರದು. ತಾಮ್ರವೇ ಆಗಿದ್ದರೆ ನಡುವಿನ ಜಾಯಿಂಟ್‌ಗಳನ್ನು ಕತ್ತರಿಸಿ ಹೊಸದಾಗಿ ಕ್ರಿಂಪ್ ಮಾಡಿ. ಲೋಡ್ ಇರುವಾಗಲೇ ಕಿತ್ತು ಚುಚ್ಚಿದ ಪ್ಲಗ್‌ಗಳ ಪಿನ್ ಕಿಡಿಯಿಂದ ಕಪ್ಪಾಗಿರುತ್ತದೆ, ಅವನ್ನೂ ಬದಲಿಸಿ. ಹೊಸ ಕೇಬಲ್ ಎಳೆಯುವುದಾದರೆ 23 ಗೇಜ್‌ನ ಗಟ್ಟಿ ತಾಮ್ರದ ಕ್ಯಾಟ್ 6 ತೆಗೆದುಕೊಳ್ಳಿ. ಅಲ್ಲಿಯವರೆಗೆ, ಕ್ಯಾಮೆರಾ ಹತ್ತಿರ ಮಳೆ ತಾಗದ ಕಡೆ ಕರೆಂಟ್ ಇದ್ದರೆ ಇಂಜೆಕ್ಟರನ್ನು ಅಲ್ಲಿಗೆ ಸರಿಸಿ. ಆಗ ಪವರ್ ಹೋಗುವ ದೂರ ಕೆಲವೇ ಮೀಟರ್ ಆಗುತ್ತದೆ, ಹಳೆ ಕೇಬಲ್‌ನಲ್ಲಿ ಡೇಟಾ ಮಾತ್ರ ಓಡುತ್ತದೆ.