ಎಂಬಾಮಿಂಗ್, ಶವ ಸಾಗಣೆ, ಪೊಲೀಸ್ ಕಾಗದ: ನಮ್ಮ ಬೆಂಗಳೂರು ಬಡಾವಣೆಗಳ ಗುಂಪಿನಲ್ಲಿ ಎಂಬಾಮರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಮ್ಮ ಗುಂಪಿನ ಇಬ್ಬರ ಮನೆಯಲ್ಲಿ ಸಾವಾಯಿತು. ಆ ಹೊತ್ತಿನಲ್ಲಿ ಯಾರನ್ನು ಕೇಳಬೇಕು ಅಂತಲೇ ಗೊತ್ತಾಗಲಿಲ್ಲ ಎಂದು ಇಬ್ಬರೂ ಹೇಳಿದರು. ಅದಕ್ಕೆ ಇವತ್ತು ಸಂಜೆ ಒಬ್ಬ ಎಂಬಾಮರ್, ಅಂದರೆ ಶವ ಬೇಗ ಕೆಡದಂತೆ ಅದಕ್ಕೆ ರಾಸಾಯನಿಕ ದ್ರವ ತುಂಬುವ ಕೆಲಸದವರು, ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಮೆಡಿಕಲ್ ಕಾಲೇಜಿನ ಅನಾಟಮಿ ವಿಭಾಗದಲ್ಲಿ ಕೆಲಸ ಕಲಿತವರು. ಈಗ ಶವ ಸಾಗಣೆ ಸೇವೆಯಲ್ಲಿದ್ದಾರೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಎಂಬಾಮರ್: ನಮಸ್ಕಾರ. ಕೇಳಿ. ಕೆಲಸದ ಫೋನ್ ಬಂದರೆ ನಡುವೆ ಎದ್ದು ಹೋಗಬೇಕಾಗುತ್ತದೆ.

ವಿಜಯನಗರ: ಸರ್, ಮಗ ಹೊರದೇಶದಿಂದ ಬರುವವರೆಗೆ ಕಾಯಬೇಕು ಅಂದರೆ ಫ್ರೀಜರ್ ಬಾಕ್ಸ್ ಸಾಕಾ, ಎಂಬಾಮಿಂಗ್ ಬೇಕಾ?

ಎಂಬಾಮರ್: ಒಂದೆರಡು ದಿನಕ್ಕೆ ಫ್ರೀಜರ್ ಬಾಕ್ಸ್ ಸಾಕು. ಕರೆಂಟ್ ಹೋದರೆ ಏನು ಅಂತ ಮೊದಲೇ ನೋಡಿಕೊಳ್ಳಿ. ವಿಮಾನದಲ್ಲಿ ಕಳಿಸುವುದಾದರೆ ಎಂಬಾಮಿಂಗ್ ಬೇಕು. ಕಾರ್ಗೋದವರು ಮರಣದ ಕಾಗದ, ಎಂಬಾಮಿಂಗ್ ಸರ್ಟಿಫಿಕೇಟ್, ಪೊಲೀಸ್ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ), ಪೆಟ್ಟಿಗೆ ಸರಿಯಾಗಿ ಸೀಲ್ ಆಗಿದೆ ಅನ್ನುವ ಪತ್ರ ಕೇಳುತ್ತಾರೆ. ಹೊರದೇಶಕ್ಕೆ ಆದರೆ ಪಾಸ್‌ಪೋರ್ಟ್ ರದ್ದು ಮಾಡಿಸಿದ್ದೂ ಬೇಕು.

ಜೆ.ಪಿ. ನಗರ: ಮಾವನವರ ಶವ ಸಾಗಣೆ ಬಿಲ್‌ನಲ್ಲಿ ಶೇ 18 ಜಿಎಸ್‌ಟಿ ಹಾಕಿದ್ದಾರೆ. ಸರಿಯಾ?

ಎಂಬಾಮರ್: ತಪ್ಪು. ಅಂತ್ಯಕ್ರಿಯೆ, ಸ್ಮಶಾನ, ಶವಾಗಾರ, ಶವ ಸಾಗಣೆ ಸೇವೆಗೆ ಜಿಎಸ್‌ಟಿ ಇಲ್ಲ. ಕಾಯ್ದೆಯ ಮೂರನೇ ಶೆಡ್ಯೂಲ್‌ನಲ್ಲೇ ಬರೆದಿದೆ. ಬಿಲ್ ತೋರಿಸಿ ವಾಪಸ್ ಕೇಳಿ.

ನಾಗರಬಾವಿ: ಆಸ್ಪತ್ರೆ ಬಿಲ್ ಪೂರ್ತಿ ಕಟ್ಟದೆ ಶವ ಕೊಡಲ್ಲ ಅಂದರೆ?

ಎಂಬಾಮರ್: ಹಾಗೆ ತಡೆಹಿಡಿಯುವಂತಿಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆಯಿತು. ಶವ ಒಪ್ಪಿಸಬೇಕು, ಬಾಕಿ ಹಣ ಆಮೇಲೆ ವಸೂಲಿ ಮಾಡಿಕೊಳ್ಳಬೇಕು.

ಬನಶಂಕರಿ: ಫ್ರೀಜರ್ ಬಾಕ್ಸ್ ಇದ್ದರೆ ಎಂಬಾಮಿಂಗ್ ಬೇಕಾ ಸರ್?

ಎಂಬಾಮರ್: ಮೇಲೆ ಹೇಳಿದ್ದೇನೆ.

ಯಶವಂತಪುರ: ನನ್ನದು ದೂರು. ಕಳೆದ ವರ್ಷ ನಮ್ಮ ಅಜ್ಜನನ್ನು ವಿಮಾನದಲ್ಲಿ ಕಳಿಸಿದೆವು. ಎಂಬಾಮಿಂಗ್ ಆಗಿದೆ ಅಂತ ಕಾಗದ ಕೊಟ್ಟರು, ದುಡ್ಡೂ ತಗೊಂಡರು. ಊರಿನಲ್ಲಿ ಪೆಟ್ಟಿಗೆ ತೆಗೆದಾಗ ಹತ್ತಿರ ನಿಲ್ಲಲು ಆಗಲಿಲ್ಲ. ಅಜ್ಜಿಗೆ ಮುಖ ತೋರಿಸಲೇ ಇಲ್ಲ. ಇಂಥವರ ಲೈಸೆನ್ಸ್ ರದ್ದು ಮಾಡಿಸುವುದು ಹೇಗೆ?

ಎಂಬಾಮರ್: ರದ್ದು ಮಾಡಲು ಲೈಸೆನ್ಸೇ ಇಲ್ಲ. ನನಗೆ ತುಂಬಾ ಬೇಜಾರಿನ ವಿಷಯ ಇದು. ಡಾಕ್ಟರ್ ತಪ್ಪು ಮಾಡಿದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ವಕೀಲರಿಗೆ ಬಾರ್ ಕೌನ್ಸಿಲ್ ಇದೆ. ಎಂಬಾಮರ್‌ಗಳಿಗೆ ನಮ್ಮ ದೇಶದಲ್ಲಿ ಅಂಥ ಕೌನ್ಸಿಲ್ ಇಲ್ಲ. ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ನಿಮಗೆ ಇರುವ ದಾರಿ ಗ್ರಾಹಕರ ಆಯೋಗ. ದುಡ್ಡು ಕೊಟ್ಟು ಪಡೆದ ಸೇವೆಯಲ್ಲಿ ಕೊರತೆ ಅಂತ ದೂರು ಕೊಡಿ, ಎರಡು ವರ್ಷದೊಳಗೆ ಕೊಡಬೇಕು. ಸರ್ಟಿಫಿಕೇಟ್ ಸುಳ್ಳು ಅಂತ ತೋರಿಸಲು ಆದರೆ ಪೊಲೀಸ್ ದೂರನ್ನೂ ಕೊಡಿ. ಅದಕ್ಕೆ ಡಾಕ್ಟರ್ ಸಹಿ ಇದ್ದರೆ ಪರಿಷತ್ತಿಗೂ ಬರೆಯಿರಿ.

ಕೆಂಗೇರಿ: ಅಮೆರಿಕದಲ್ಲಿ ಹೀಗೆಲ್ಲ ನಡೆಯಲ್ಲ. ಅಲ್ಲಿ ಎಲ್ಲದಕ್ಕೂ ಲೈಸೆನ್ಸ್.

ಎಂಬಾಮರ್: ಕೊಲರಾಡೊ ರಾಜ್ಯದಲ್ಲಿ ಇರಲಿಲ್ಲ. 2023ರಲ್ಲಿ ಅಲ್ಲಿನ ಒಂದು ಕಟ್ಟಡದಲ್ಲಿ ಸುಮಾರು 190 ಶವಗಳು ಕೊಳೆತು ಬಿದ್ದಿದ್ದವು. ಕುಟುಂಬಗಳು ದಹನಕ್ಕೆ ಅಂತ ದುಡ್ಡು ಕೊಟ್ಟಿದ್ದವು. 2024ರಲ್ಲಿ ಅವರು ಲೈಸೆನ್ಸ್ ಕಾನೂನು ತಂದರು. ನಮಗೂ ಅಂಥದ್ದು ಬೇಕು ಅಂತ ನಾನು ಹೇಳುತ್ತಲೇ ಇದ್ದೇನೆ.

ಶ್ರೀನಗರ: ಉಪಯುಕ್ತ ಮಾಹಿತಿ, ಫ್ಯಾಮಿಲಿ ಗ್ರೂಪಿನಲ್ಲಿ ಬಂದಿದ್ದು: ‘ಶವ 3 ದಿನ ಕೆಡದಂತೆ ಇಡಲು ಹೊಕ್ಕುಳಿಗೆ ಕರ್ಪೂರ, ಮೈಗೆ ಉಪ್ಪು ಮತ್ತು ಅರಿಶಿನ ಹಚ್ಚಿ, ಕೋಣೆಯ ಕಿಟಕಿ ಮುಚ್ಚಿ ಡ್ರೈ ಐಸ್ ಇಡಿ. ಕೆಮಿಕಲ್ ಅಂಗಡಿಯಲ್ಲಿ ಫಾರ್ಮಾಲಿನ್ ತಂದು ಬಾಯಿಗೆ ಹಾಕಿ.’

ಎಂಬಾಮರ್: ದಯವಿಟ್ಟು ಇದನ್ನು ಅಳಿಸಿ. ಅರಿಶಿನ, ಉಪ್ಪು, ಕರ್ಪೂರದಿಂದ ಒಳಗೆ ಕೊಳೆಯುವುದು ನಿಲ್ಲುವುದಿಲ್ಲ. ಅದು ಬರೀ ವ್ಯರ್ಥ. ಉಳಿದೆರಡು ಜೀವ ತೆಗೆಯುತ್ತವೆ. ಡ್ರೈ ಐಸ್ ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್. ಮುಚ್ಚಿದ ಕೋಣೆಯಲ್ಲಿ ಅದು ಗಾಳಿಯಾಗಿ ತುಂಬಿಕೊಂಡರೆ ಪಕ್ಕದಲ್ಲಿ ಕೂತು ಅಳುವವರು ಉಸಿರುಗಟ್ಟಿ ಬೀಳುತ್ತಾರೆ. ಫಾರ್ಮಾಲಿನ್ ಅಂದರೆ ಫಾರ್ಮಾಲ್ಡಿಹೈಡ್ ಅನಿಲ ಕರಗಿಸಿದ ನೀರು. ಅದರ ಹಬೆ ಕಣ್ಣು, ಗಂಟಲು ಸುಡುತ್ತದೆ. ಅದು ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ನಾವು ಮುಖಕ್ಕೆ ರಕ್ಷಣೆ, ಕೈಗೆ ಗ್ಲೌಸ್ ಹಾಕಿ, ಫ್ಯಾನ್ ಇರುವ ಕೋಣೆಯಲ್ಲಿ ಮಾಡುವ ಕೆಲಸ ಅದು. ಬಾಯಿಗೆ ಸುರಿದರೆ ಎಂಬಾಮಿಂಗ್ ಆಗುವುದಿಲ್ಲ. ಕುತ್ತಿಗೆಯ ಅಥವಾ ತೊಡೆಸಂದಿಯ ದೊಡ್ಡ ರಕ್ತನಾಳದಿಂದ ಇಡೀ ದೇಹಕ್ಕೆ ಹರಿಸಬೇಕು.

ಶ್ರೀನಗರ: ನಾನು ಬರೆದದ್ದಲ್ಲ, ಫಾರ್ವರ್ಡ್ ಅಷ್ಟೇ.

ಎಂಬಾಮರ್: ಓದಿ ನಂಬುವವರಿಗೆ ಅದು ಗೊತ್ತಾಗುವುದಿಲ್ಲ.

ಹೆಬ್ಬಾಳ: ತಾಯಿಗೆ ಪೇಸ್‌ಮೇಕರ್ ಇತ್ತು. ವಿದ್ಯುತ್ ಚಿತಾಗಾರಕ್ಕೆ ಹೇಳಬೇಕಾ?

ಎಂಬಾಮರ್: ಹೇಳಲೇಬೇಕು. ತೆಗೆಸಿಯೇ ಒಯ್ಯಬೇಕು. ಬಿಸಿಗೆ ಅದು ಸಿಡಿಯುತ್ತದೆ.

ಮಾಗಡಿ ರಸ್ತೆ: ಸರ್, ಅರ್ಜೆಂಟ್. ನನ್ನ ಚಿಕ್ಕಪ್ಪನ ಮಗಳು ಇವತ್ತು ಮಧ್ಯಾಹ್ನ ಗಂಡನ ಮನೆಯಲ್ಲಿ ತೀರಿಕೊಂಡಳು. 26 ವರ್ಷ. ಮದುವೆಯಾಗಿ 3 ವರ್ಷ. ಹೊಟ್ಟೆನೋವು, ವಾಂತಿ ಆಯಿತು, ಆಮೇಲೆ ಹಾರ್ಟ್ ಅಟ್ಯಾಕ್ ಅಂತಾರೆ. ಪಕ್ಕದ ಕ್ಲಿನಿಕ್‌ನವರು ಚೀಟಿ ಬರೆದುಕೊಟ್ಟಿದ್ದಾರೆ. ಅವರ ಊರು ಬೀದರ್ ಕಡೆ. ರಾತ್ರಿಯೇ ಎಂಬಾಮಿಂಗ್ ಮಾಡಿಸಿ ಹೊರಡುತ್ತಾರಂತೆ. ಚಿಕ್ಕಪ್ಪ, ಚಿಕ್ಕಮ್ಮ ಹಾಸನದಿಂದ ಬರುತ್ತಿದ್ದಾರೆ, ಇನ್ನೂ ದಾರಿಯಲ್ಲಿದ್ದಾರೆ. ಎಂಬಾಮಿಂಗ್ ಆದರೆ ಏನಾದರೂ ತೊಂದರೆ ಇದೆಯಾ?

ಎಂಬಾಮರ್: ಇದೆ ತಂಗಿ. ಮೊದಲು 112ಕ್ಕೆ ಫೋನ್ ಮಾಡಿ, ಆಮೇಲೆ ಮುಂದೆ ಓದಿ. ಮದುವೆಯಾಗಿ 7 ವರ್ಷದೊಳಗೆ ಸತ್ತಿದ್ದಾರೆ, ಇದ್ದಕ್ಕಿದ್ದಂತೆ ಸತ್ತಿದ್ದಾರೆ, ಎಂಬಾಮಿಂಗ್ ಮಾಡಬಾರದು ಅಂತ ಹೇಳಿ. ವಿಳಾಸ ಕೊಡಿ.

ಯಾಕೆ ಅಂತ ಹೇಳುತ್ತೇನೆ. ಎಂಬಾಮಿಂಗ್ ಅಂದರೆ ರಕ್ತದ ಜಾಗಕ್ಕೆ ನಮ್ಮ ದ್ರವ ಹರಿಸುವುದು. ಅದರಲ್ಲಿ ಫಾರ್ಮಾಲಿನ್ ಇರುತ್ತದೆ, ಮೆಥನಾಲ್ (ಒಂದು ಬಗೆಯ ಆಲ್ಕೋಹಾಲ್) ಇರುತ್ತದೆ. ಸಯನೈಡ್ ಇದ್ದರೆ ಫಾರ್ಮಾಲಿನ್ ಅದರ ಜೊತೆ ಬೆರೆತು ಗುರುತು ಕೆಡಿಸುತ್ತದೆ. ಮದ್ಯದ ಪರೀಕ್ಷೆಯೂ ಕೆಡುತ್ತದೆ. ಪೋಸ್ಟ್‌ಮಾರ್ಟಂನಲ್ಲಿ ಹೊಟ್ಟೆ, ಲಿವರ್, ಕಿಡ್ನಿಯ ತುಂಡುಗಳನ್ನು ವಿಷ ಪರೀಕ್ಷೆಗೆ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಕಳಿಸುವಾಗ ಗಾಢ ಉಪ್ಪುನೀರಿನಲ್ಲಿ ಇಡುತ್ತಾರೆ, ಫಾರ್ಮಾಲಿನ್‌ನಲ್ಲಿ ಇಡುವುದಿಲ್ಲ. ಕಾರಣ ಇದೇ. ಒಂದು ಸಲ ನಮ್ಮ ದ್ರವ ಒಳಗೆ ಹೋದರೆ ಮತ್ತೆ ಹೊರಗೆ ತೆಗೆಯಲು ಬರುವುದಿಲ್ಲ.

ಕಾನೂನು ಹೀಗಿದೆ. ಹಿಂದೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 174 ಅಂತಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 194. ಮದುವೆಯಾದ 7 ವರ್ಷದೊಳಗೆ ಹೆಣ್ಣುಮಗಳು ಸತ್ತು ಅನುಮಾನ ಇದ್ದರೆ ಪೊಲೀಸರು ಪೋಸ್ಟ್‌ಮಾರ್ಟಂಗೆ ಕಳಿಸಬೇಕು, ತಹಸೀಲ್ದಾರ್ ಬಂದು ಶವ ಪಂಚನಾಮೆ ಮಾಡುತ್ತಾರೆ. ಅವಳ ಕಡೆಯ ಯಾವ ಸಂಬಂಧಿ ಕೇಳಿಕೊಂಡರೂ ಪೋಸ್ಟ್‌ಮಾರ್ಟಂಗೆ ಕಳಿಸಬೇಕು. ನೀವು ಸಂಬಂಧಿ. ಅಪ್ಪ ಅಮ್ಮ ಬರುವವರೆಗೆ ಕಾಯಬೇಕಿಲ್ಲ.

ಕ್ಲಿನಿಕ್ ಚೀಟಿ ಸಾಲುವುದಿಲ್ಲ. ಮನೆಯಲ್ಲಿ ಸತ್ತರೆ ಸಾವಿನ ಕಾರಣ ಬರೆಯುವುದು ಫಾರಂ 4ಎಯಲ್ಲಿ. ಕೊನೆಯ ಕಾಯಿಲೆಗೆ ಚಿಕಿತ್ಸೆ ಕೊಟ್ಟ ಡಾಕ್ಟರೇ ಅದನ್ನು ಕೊಡಬೇಕು. ಸತ್ತ ಮೇಲೆ ಬಂದು ನೋಡಿದವರು ಹಾರ್ಟ್ ಅಟ್ಯಾಕ್ ಅಂತ ಹೇಗೆ ಬರೆದರು?

ಇಷ್ಟು ಒತ್ತಿ ಹೇಳಲು ನನಗೆ ಕಾರಣ ಇದೆ. ಈ ಕೆಲಸಕ್ಕೆ ಬಂದ ಹೊಸತರಲ್ಲಿ ಇಂಥದ್ದೇ ಒಂದು ಚೀಟಿ ನೋಡಿ ನಾನು ಎಂಬಾಮಿಂಗ್ ಮಾಡಿದೆ. ಹುಡುಗಿಯ ತುಟಿ, ಒಳಬಾಯಿ ಸುಟ್ಟಂತೆ ಕಂಡಿತ್ತು. ಕೇಳಿದೆ, ಜ್ವರದ ಹುಣ್ಣು ಅಂದರು. ಸುಮ್ಮನಾದೆ. ತಿಂಗಳಾದ ಮೇಲೆ ಪೊಲೀಸರು ಬಂದರು. ನೋಡಿದ್ದನ್ನು ಹೇಳಿದೆ, ಕೋರ್ಟಿನಲ್ಲೂ ಹೇಳಿದೆ. ಅಷ್ಟು ಹೊತ್ತಿಗೆ ಸುಟ್ಟು ಬೂದಿಯಾಗಿತ್ತು. ಅವಳ ಅಪ್ಪ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡು, ನೀವು ಅವತ್ತೇ ಒಂದು ಮಾತು ಹೇಳಬಾರದಿತ್ತಾ ಅಂದರು. ಉತ್ತರ ಇರಲಿಲ್ಲ. ಅಂದಿನಿಂದ ಮೊದಲು ಮೈ ನೋಡುತ್ತೇನೆ, ಆಮೇಲೆ ಕಾಗದ. ಎರಡೂ ಹೊಂದದಿದ್ದರೆ ಮುಟ್ಟುವುದಿಲ್ಲ, ಠಾಣೆಗೆ ತಿಳಿಸುತ್ತೇನೆ. ಗೊತ್ತಿದ್ದೂ ಸಾಕ್ಷಿ ಅಳಿಸಿದರೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 238ರಲ್ಲಿ ಅಪರಾಧ. ಅದು ನಮಗೂ ತಗಲುತ್ತದೆ.

ಅವರು ಕರೆಸಿರುವ ಎಂಬಾಮರ್ ಯಾರು ಗೊತ್ತಾದರೆ ನನಗೆ ಖಾಸಗಿಯಾಗಿ ತಿಳಿಸಿ. ನಾನೇ ಮಾತಾಡುತ್ತೇನೆ.

ನಿವೃತ್ತ ಬ್ಯಾಂಕ್ ಅಧಿಕಾರಿ: ಇದು ಅತಿಯಾಯಿತು. ದುಃಖದ ಮನೆಗೆ ಪೊಲೀಸ್ ಕಳಿಸುವುದಾ? ಸತ್ತವಳನ್ನು ಕೊಯ್ಯಿಸುವುದಾ? ಹಾರ್ಟ್ ಅಟ್ಯಾಕ್ ಈಗ 26ಕ್ಕೂ ಆಗುತ್ತದೆ.

ಜೆ.ಪಿ. ನಗರ: ಆಗಿದ್ದರೆ ಪೋಸ್ಟ್‌ಮಾರ್ಟಂ ಅದನ್ನೇ ಹೇಳುತ್ತದೆ ಅಂಕಲ್.

ನಿವೃತ್ತ ಬ್ಯಾಂಕ್ ಅಧಿಕಾರಿ: ನಿಮಗೆ ಮನೆತನದ ಮರ್ಯಾದೆ ಗೊತ್ತಿಲ್ಲ. ನಮ್ಮ ಕಾಲದಲ್ಲಿ ಹಿರಿಯರು ಕೂತು ಮಾತಾಡುತ್ತಿದ್ದರು.

ಕೆಂಗೇರಿ: ಹಿರಿಯರು ಕೂತು ಮಾತಾಡಿಯೇ ನನ್ನ ಅಕ್ಕನ ಕೇಸು ಮುಚ್ಚಿಹೋಯಿತು. ಮರ್ಯಾದೆ ಬಗ್ಗೆ ನನಗೆ ಹೇಳಬೇಡಿ.

ನಿವೃತ್ತ ಬ್ಯಾಂಕ್ ಅಧಿಕಾರಿ: ನಿಮ್ಮ ಮನೆ ವಿಷಯ ಇಲ್ಲಿ ಯಾಕೆ ತರುತ್ತೀರಿ?

ಕೆಂಗೇರಿ: ನೀವು ತಂದಿರಿ. ಇನ್ನೊಬ್ಬರ ಮಗಳು ಅಂತ ಸುಲಭವಾಗಿ ಮಾತಾಡ್ತೀರಿ ಅಲ್ವಾ?

ಬಸವೇಶ್ವರನಗರ: ಸರ್, ಮರಣ ನೋಂದಣಿ ಎಷ್ಟು ದಿನದೊಳಗೆ?

ಎಂಬಾಮರ್: 21.

ಅಡ್ಮಿನ್: ಹಿರಿಯರೇ, ಕೆಂಗೇರಿಯವರೇ, ಇಬ್ಬರೂ ನಿಲ್ಲಿಸಿ.

ನಿವೃತ್ತ ಬ್ಯಾಂಕ್ ಅಧಿಕಾರಿ: ಎಂಬಾಮರ್ ಕೆಲಸ ಎಂಬಾಮಿಂಗ್ ಮಾಡುವುದು. ಪೊಲೀಸ್‌ಗಿರಿ ಅಲ್ಲ.

ಎಂಬಾಮರ್: ನಾನು ಯಾರ ಮೇಲೂ ಅಪವಾದ ಹೊರಿಸಿಲ್ಲ. ಗಂಡನ ಮನೆಯವರು ತಪ್ಪು ಮಾಡಿಲ್ಲ ಅಂದರೆ ಅವರನ್ನು ಕಾಪಾಡುವುದೂ ಪೋಸ್ಟ್‌ಮಾರ್ಟಂ ವರದಿಯೇ. ಈಗ ಬಿಟ್ಟರೆ ಆಮೇಲೆ ಇಬ್ಬರಿಗೂ ಏನೂ ಸಿಗುವುದಿಲ್ಲ. ಇದರ ಬಗ್ಗೆ ನಿಮ್ಮ ಜೊತೆ ಇನ್ನು ಮಾತಾಡುವುದಿಲ್ಲ.

ರಾಜಾಜಿನಗರ: ದುಬೈನಲ್ಲಿ ತಮ್ಮ ತೀರಿಕೊಂಡರೆ ಇಲ್ಲಿಂದ ಏನು ಮಾಡಬೇಕು ಸರ್? ಯಾರಾದರೂ ಹೇಳಿ.

ಬನಶಂಕರಿ: ಫ್ರೀಜರ್ ಬಾಕ್ಸ್ ಎಷ್ಟು ದಿನ ಇಡಬಹುದು?

ಎಂಬಾಮರ್: ಮೊದಲಿನಿಂದ ಓದಿ. ಮೂರನೇ ಸಲ ಹೇಳುವುದಿಲ್ಲ.

ಮಾಗಡಿ ರಸ್ತೆ: ಸರ್, ಪೊಲೀಸರು ಬಂದರು. ಎಂಬಾಮಿಂಗ್ ಆಗಿರಲಿಲ್ಲ, ಅದಕ್ಕೆ ಬಂದ ಹುಡುಗ ದ್ರವದ ಕ್ಯಾನ್ ಇಳಿಸುತ್ತಿದ್ದ. ಶವಾಗಾರಕ್ಕೆ ಒಯ್ದಿದ್ದಾರೆ. ಪೋಸ್ಟ್‌ಮಾರ್ಟಂ ಬೆಳಗ್ಗೆ ಅಂತೆ. ರಾತ್ರಿಯೂ ಮಾಡಬಹುದು ಅಂತ ಯಾರೋ ಹೇಳಿದರು, ಬೇಕಂತಲೇ ತಡ ಮಾಡುತ್ತಿದ್ದಾರಾ?

ಎಂಬಾಮರ್: ಇಲ್ಲ. 2021ರಿಂದ ರಾತ್ರಿ ಪೋಸ್ಟ್‌ಮಾರ್ಟಂಗೆ ಅವಕಾಶ ಇದೆ, ಆದರೆ ಅನುಮಾನದ ಸಾವುಗಳನ್ನು ಸಾಮಾನ್ಯವಾಗಿ ಅದರಿಂದ ಹೊರಗಿಟ್ಟಿದ್ದಾರೆ. ಹಗಲಿನಲ್ಲೇ ಆಗಲಿ, ಒಳ್ಳೆಯದು. ಚಿಕ್ಕಪ್ಪ ಬಂದ ಮೇಲೆ ಹೇಳಿಕೆ ಕೊಡಲಿ, ಓದಿ ನೋಡಿ ಸಹಿ ಹಾಕಲಿ. ಶವ ತಮಗೆ ಬೇಕು ಅಂದರೆ ಅದನ್ನೂ ಬರೆದುಕೊಡಲಿ. ಅವಳ ಫೋನ್ ಎಲ್ಲಿದೆ ಅಂತ ಪೊಲೀಸರಿಗೆ ಕೇಳಲು ಹೇಳಿ.

ಮಾಗಡಿ ರಸ್ತೆ: ಚಿಕ್ಕಮ್ಮ ಒಂದೇ ಸಮನೆ ಕೇಳುತ್ತಿದ್ದಾರೆ. ಕೊಯ್ದ ಮೇಲೆ ಮುಖ ನೋಡಬಹುದಾ?

ಎಂಬಾಮರ್: ನೋಡಬಹುದು. ಮುಖ ಕೊಯ್ಯುವುದಿಲ್ಲ. ತಲೆಯ ಮೇಲೆ ಕೊಯ್ದ ಗೆರೆ ಒಂದು ಕಿವಿಯ ಹಿಂದಿನಿಂದ ಇನ್ನೊಂದು ಕಿವಿಯ ಹಿಂದಕ್ಕೆ ಬರುತ್ತದೆ, ಕೂದಲು ಮುಚ್ಚುತ್ತದೆ. ಎದೆ, ಹೊಟ್ಟೆಯನ್ನು ಹೊಲಿದಿರುತ್ತಾರೆ. ಸೀರೆ, ಉದ್ದ ತೋಳಿನ ರವಿಕೆ, ಹೂವು ತಂದಿರಲಿ. ಹಾಸನಕ್ಕೆ ನಾಲ್ಕು ಗಂಟೆ ದಾರಿ, ಫ್ರೀಜರ್ ಇರುವ ಗಾಡಿ ಸಾಕು, ಎಂಬಾಮಿಂಗ್ ಬೇಡ. ಯಾರಾದರೂ ಬೇಕೇ ಬೇಕು ಅಂದರೆ ಒಪ್ಪಬೇಡಿ. ಬೆಳಗ್ಗೆ ಶವಾಗಾರದ ಹತ್ತಿರ ನಾನು ಬರುತ್ತೇನೆ. ಅಮ್ಮನನ್ನು ಒಳಗೆ ಕರೆಯುವ ಮೊದಲು ತಲೆ ಬಾಚಿ, ಮುಖ ಒರೆಸಿ ಕೊಡುತ್ತೇನೆ.