ಪ್ರಶ್ನೋತ್ತರ: ರೈಫಲ್ ಸೈಲೆನ್ಸರ್ ಮತ್ತು ಕ್ರೀಡಾ ಶೂಟರ್, ಯಾವ ದೇಶದ ಕಾನೂನು ಏನು ಹೇಳುತ್ತದೆ?

ಪ್ರಶ್ನೆ:

ಮಾನ್ಯರೇ, ನಾನು ಹಲವು ವರ್ಷ 50 ಮೀಟರ್ ರೈಫಲ್ ಸ್ಪರ್ಧೆಗಳಲ್ಲಿ ಭಾಗವಹಿಸಿ, ಈಗ ಮೂರು ವರ್ಷಗಳಿಂದ 300 ಮೀಟರ್ ಮತ್ತು ಅದಕ್ಕೂ ದೂರದ ಗುರಿಗಳಿಗೆ ದೊಡ್ಡ ಕ್ಯಾಲಿಬರಿನ ರೈಫಲ್ ಬಳಸುತ್ತಿದ್ದೇನೆ. ಇಯರ್ ಪ್ಲಗ್ ಮತ್ತು ಇಯರ್ ಮಫ್ ಎರಡನ್ನೂ ಹಾಕಿಕೊಂಡೇ ಅಭ್ಯಾಸ ಮಾಡಿದರೂ, ಈಚೆಗೆ ಮಾಡಿಸಿದ ಶ್ರವಣ ಪರೀಕ್ಷೆಯಲ್ಲಿ ನನ್ನ ಎಡಗಿವಿಗೆ ತಾರಸ್ಥಾಯಿಯ ಸದ್ದುಗಳು ಸರಿಯಾಗಿ ಕೇಳುತ್ತಿಲ್ಲವೆಂದು ಗೊತ್ತಾಯಿತು. ಒಂದು ಸ್ಪರ್ಧೆಯಲ್ಲಿ ಭೇಟಿಯಾದ ನಾರ್ವೆಯ ಶೂಟರ್ ಒಬ್ಬರು ತಮ್ಮ ರೈಫಲ್ಲಿನ ಸೈಲೆನ್ಸರನ್ನು ಅಂಗಡಿಯಲ್ಲಿ ಯಾವ ಪರವಾನಗಿಯೂ ಇಲ್ಲದೆ ಕೊಂಡದ್ದಾಗಿ ಹೇಳಿದರು. ಪಕ್ಕದಲ್ಲಿದ್ದ ಕೆನಡಾದವರು ಅದೇ ವಸ್ತು ತಮ್ಮ ಮನೆಯಲ್ಲಿ ಸಿಕ್ಕರೆ ಜೈಲಿಗೆ ಹೋಗಬೇಕಾದೀತು ಎಂದರು. ಒಂದೇ ಲೋಹದ ಕೊಳವೆಯನ್ನು ಎರಡು ದೇಶಗಳು ಇಷ್ಟು ಭಿನ್ನವಾಗಿ ಕಾಣಲು ಕಾರಣವೇನು? ಬೇಟೆಗಾರರಿಗೆ ಸಿಗುವ ಅನುಮತಿ ನಮ್ಮಂತಹ ಕ್ರೀಡಾ ಶೂಟರ್‌ಗಳಿಗೂ ಸಿಗುತ್ತದೆಯೇ? ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ:

ನಿಮ್ಮ ಎಡಗಿವಿಯ ವಿಷಯದಿಂದಲೇ ಆರಂಭಿಸುತ್ತೇನೆ. ಬಲಭುಜಕ್ಕೆ ರೈಫಲ್ ಆನಿಸಿ ಹೊಡೆಯುವವರ ಎಡಗಿವಿ ನಳಿಗೆಯ ತುದಿಯ ಕಡೆಗೆ ತಿರುಗಿರುತ್ತದೆ, ಬಲಗಿವಿ ತಲೆಯ ಮರೆಯಲ್ಲಿರುತ್ತದೆ. ಶಸ್ತ್ರಾಸ್ತ್ರ ಕಾನೂನಿನ ವಕೀಲಿಕೆಯ ಜೊತೆಗೆ ರೇಂಜ್ ಅಧಿಕಾರಿಯಾಗಿಯೂ ಬಹುಕಾಲ ಕೆಲಸ ಮಾಡಿರುವ ನನಗೂ ಇದೇ ಆಗಿದೆ. ರಾತ್ರಿ ಎಲ್ಲ ಸದ್ದಡಗಿದ ಮೇಲೆ ಎಡಗಿವಿಯಲ್ಲಿ ಸಣ್ಣಗೆ ಸಿಳ್ಳೆ ಹಾಕಿದಂತೆ ಒಂದು ದನಿ ನಿಲ್ಲದೆ ಕೇಳಿಸುತ್ತದೆ. ಹಾಗಾಗಿ ಈ ಪ್ರಶ್ನೆಯನ್ನು ನಾನು ಕೇವಲ ಕಾನೂನಿನ ಪ್ರಶ್ನೆಯಾಗಿ ನೋಡಲಾರೆ.

ಸೈಲೆನ್ಸರ್ ಎಂಬ ಹೆಸರು ಹುಟ್ಟಿಸಿರುವ ತಪ್ಪು ಕಲ್ಪನೆಯನ್ನು ಮೊದಲು ಬದಿಗಿಡೋಣ. ಮೋಟಾರ್ ಬೈಕಿಗೆ ಸೈಲೆನ್ಸರ್ ಇದ್ದ ಮಾತ್ರಕ್ಕೆ ಅದರ ಎಂಜಿನ್ ಮೂಕವಾಗುವುದಿಲ್ಲ, ಇಲ್ಲಿಯೂ ಅಷ್ಟೇ. ದೊಡ್ಡ ಕ್ಯಾಲಿಬರಿನ ರೈಫಲ್ಲಿನ ಸದ್ದಿನ ಉತ್ತುಂಗ ಮಟ್ಟ ಸುಮಾರು 160ರಿಂದ 170 ಡೆಸಿಬೆಲ್. ಒಳ್ಳೆಯ ಸೈಲೆನ್ಸರ್ ಅದನ್ನು 20ರಿಂದ 35 ಡೆಸಿಬೆಲ್‌ನಷ್ಟು ತಗ್ಗಿಸುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 20 ಇಳಿದರೆ ಒತ್ತಡ ಹತ್ತರಲ್ಲಿ ಒಂದು ಪಾಲಿಗೆ ಇಳಿದಂತೆ, ಆದ್ದರಿಂದ ಈ ಇಳಿಕೆ ಕಿವಿಗೆ ಬಹಳ ದೊಡ್ಡದು. ಹಠಾತ್ ಸದ್ದಿಗೆ ಅಪಾಯದ ಗಡಿಯೆಂದು ಸಾಮಾನ್ಯವಾಗಿ ಒಪ್ಪಿರುವ 140 ಡೆಸಿಬೆಲ್‌ನ ಆಸುಪಾಸಿಗೆ ಅಥವಾ ಅದಕ್ಕಿಂತ ಸ್ವಲ್ಪ ಕೆಳಗೆ ಸದ್ದು ಬರುತ್ತದೆ. ಆದರೆ ಸೆಕೆಂಡಿಗೆ 800 ಮೀಟರಿಗೂ ಮೀರಿದ ವೇಗದ ಗುಂಡು ಗಾಳಿಯನ್ನು ಸೀಳುವಾಗ ಆಗುವ ಚಟಾರೆಂಬ ಶಬ್ದವನ್ನು ಯಾವ ಸೈಲೆನ್ಸರೂ ತಡೆಯಲಾರದು, ಏಕೆಂದರೆ ಅದು ಹುಟ್ಟುವುದು ನಳಿಗೆಯ ಹೊರಗೆ, ಗುಂಡು ಸಾಗುವ ಹಾದಿಯುದ್ದಕ್ಕೂ.

ಈಗ ಕಾನೂನು. ಸೈಲೆನ್ಸರ್ ಆಯುಧವೇ, ಆಯುಧದ ಭಾಗವೇ, ಅಥವಾ ಇಯರ್ ಮಫ್‌ನಂತೆ ಒಂದು ರಕ್ಷಣಾ ಸಾಧನವೇ ಎಂಬ ಪ್ರಶ್ನೆಗೆ ಒಂದೊಂದು ದೇಶ ಒಂದೊಂದು ಉತ್ತರ ಕೊಟ್ಟಿರುವುದರಿಂದಲೇ ಈ ಭಿನ್ನತೆ ಬಂದಿದೆ. ನಾರ್ವೆ ಮತ್ತು ನ್ಯೂಜಿಲೆಂಡ್ ಅದನ್ನು ನಿಯಂತ್ರಣದ ಪಟ್ಟಿಗೇ ಸೇರಿಸಿಲ್ಲ. ರೈಫಲ್ಲಿಗೆ ಕಟ್ಟುನಿಟ್ಟಾದ ಪರವಾನಗಿ ಇರುವಾಗ ಅದರ ತುದಿಗೆ ತಿರುಗಿಸುವ ಕೊಳವೆಗೆ ಇನ್ನೊಂದು ಬೇಡವೆಂಬುದು ಅಲ್ಲಿಯ ನಿಲುವು. ಕೆನಡಾದಲ್ಲಿ ಬಂದೂಕಿನ ಸದ್ದನ್ನು ಅಡಗಿಸುವ ಸಾಧನವನ್ನು ಅಪರಾಧ ಸಂಹಿತೆಯೇ ನಿಷೇಧಿತ ಸಾಧನವೆಂದು ವ್ಯಾಖ್ಯಾನಿಸಿದೆ, ಆದ್ದರಿಂದ ನಿಮ್ಮ ಕೆನಡಾದ ಸ್ನೇಹಿತರ ಮಾತು ಅತಿಶಯೋಕ್ತಿಯಲ್ಲ. ಆಸ್ಟ್ರೇಲಿಯಾದಲ್ಲಿ ಶಸ್ತ್ರ ಕಾನೂನು ರಾಜ್ಯಗಳ ಕೈಯಲ್ಲಿದ್ದು, ಹೆಚ್ಚಿನ ರಾಜ್ಯಗಳಲ್ಲಿ ಸೈಲೆನ್ಸರ್ ಸಾಮಾನ್ಯ ಶೂಟರ್‌ಗೆ ನಿಷಿದ್ಧ. ಸ್ವಿಟ್ಜರ್ಲೆಂಡಿನಲ್ಲಿ ಗುರಿ ಶೂಟಿಂಗ್ ಜನಜೀವನದ ಭಾಗವೇ ಆಗಿದ್ದರೂ ಸೈಲೆನ್ಸರ್ ನಿಷೇಧಿತ ಪರಿಕರಗಳ ಸಾಲಿನಲ್ಲಿದೆ. ಕ್ಯಾಂಟನ್, ಅಂದರೆ ಅಲ್ಲಿಯ ರಾಜ್ಯದ, ಆಡಳಿತದ ವಿಶೇಷ ಅನುಮತಿ ಇದ್ದರೆ ಮಾತ್ರ ಇಟ್ಟುಕೊಳ್ಳಬಹುದು.

ಬ್ರಿಟನ್ನಿನ ವ್ಯವಸ್ಥೆ ಇವೆರಡರ ನಡುವಿನದು. ಅಲ್ಲಿ ಇದಕ್ಕೆ ಮಾಡರೇಟರ್ ಎನ್ನುತ್ತಾರೆ, ಆ ಹೆಸರು ಸತ್ಯಕ್ಕೆ ಹತ್ತಿರವಾಗಿದೆ ಎಂಬುದು ನನ್ನ ಅಭಿಪ್ರಾಯ. 1968ರ ಬಂದೂಕು ಕಾಯ್ದೆಯ 57ನೆಯ ಕಲಂ ಶಬ್ದವನ್ನಾಗಲಿ ಬೆಂಕಿಯ ಹೊಳಪನ್ನಾಗಲಿ ತಗ್ಗಿಸಲು ರಚಿಸಿದ ಅಥವಾ ಮಾರ್ಪಡಿಸಿದ ಪರಿಕರವನ್ನೂ ಬಂದೂಕಿನ ವ್ಯಾಖ್ಯೆಯೊಳಗೆ ತರುತ್ತದೆ. ಹೀಗಾಗಿ ಬಂದೂಕು ಪ್ರಮಾಣಪತ್ರದಲ್ಲಿ ರೈಫಲ್ಲಿಗೆ ಒಂದು ಸಾಲು, ಮಾಡರೇಟರಿಗೆ ಪ್ರತ್ಯೇಕವಾಗಿ ಇನ್ನೊಂದು ಸಾಲು ಇರುತ್ತದೆ, ಮತ್ತು ಅದು ಏಕೆ ಬೇಕೆಂಬುದಕ್ಕೆ ಪೊಲೀಸರಿಗೆ ಸಕಾರಣ ನೀಡಬೇಕಾಗುತ್ತದೆ. ಕ್ರೀಡಾ ಶೂಟರ್‌ಗೆ ಬಾಗಿಲು ಅಲ್ಲಿ ಮುಚ್ಚಿಲ್ಲ. ಅದೇ ಇಂಗ್ಲೆಂಡಿನಲ್ಲಿ ಕಡಿಮೆ ಶಕ್ತಿಯ ಏರ್ ರೈಫಲ್ಲಿನ ಮಾಡರೇಟರಿಗೆ ಪ್ರಮಾಣಪತ್ರ ಬೇಕಿಲ್ಲ, ಏಕೆಂದರೆ ಆ ರೈಫಲ್ಲಿಗೇ ಅದು ಬೇಕಿಲ್ಲ.

ಭಾರತದ 1959ರ ಆಯುಧ ಕಾಯ್ದೆಯ ವ್ಯಾಖ್ಯೆಯನ್ನು ಇದರ ಪಕ್ಕದಲ್ಲಿಟ್ಟು ಓದಿದರೆ ಶಬ್ದ ಮತ್ತು ಹೊಳಪಿನ ಕುರಿತ ಆ ಪದಗಳು ಬಹುತೇಕ ಹಾಗೆಯೇ ಇರುವುದು ಕಾಣುತ್ತದೆ. ಆದರೆ ಫಲಿತಾಂಶ ಬೇರೆ: 2016ರ ಆಯುಧ ನಿಯಮಗಳ ಮೊದಲ ಅನುಸೂಚಿಯಲ್ಲಿ ಈ ಪರಿಕರಗಳು ನಿಷೇಧಿತ ಆಯುಧಗಳಿರುವ ಒಂದನೆಯ ವರ್ಗದಲ್ಲಿವೆ, ಸಾಮಾನ್ಯ ಪರವಾನಗಿಯಲ್ಲಿ ಅಲ್ಲ. ಒಂದೇ ವಾಕ್ಯವನ್ನು ಇಟ್ಟುಕೊಂಡು ಒಂದು ದೇಶ ಅನುಮತಿಯ ದಾರಿ ತೆರೆದಿದೆ, ಇನ್ನೊಂದು ಮುಚ್ಚಿದೆ. ಕಾನೂನನ್ನು ಓದುವಾಗ ವ್ಯಾಖ್ಯೆಯಲ್ಲೇ ನಿಲ್ಲದೆ ಅನುಸೂಚಿಯವರೆಗೂ ಹೋಗಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಇನ್ನು ನಿಮ್ಮ ಎರಡನೆಯ ಪ್ರಶ್ನೆಗೆ, ಅಂದರೆ ಬೇಟೆಗಾರ ಮತ್ತು ಕ್ರೀಡಾ ಶೂಟರ್ ನಡುವಿನ ಭೇದಕ್ಕೆ, ಜರ್ಮನಿಗಿಂತ ಸ್ಪಷ್ಟವಾದ ಉದಾಹರಣೆ ಸಿಗದು. ಅಲ್ಲಿ ಸೈಲೆನ್ಸರಿಗೆ ಅದನ್ನು ಜೋಡಿಸುವ ಆಯುಧದ ಸ್ಥಾನಮಾನವೇ ಇದೆ, ಮತ್ತು ಯಾವ ಆಯುಧ ಬೇಕೆಂದರೂ ಅದರ ಅಗತ್ಯವನ್ನು ಸಾಬೀತುಪಡಿಸಬೇಕು. 2018ರಲ್ಲಿ ಆ ದೇಶದ ಅತ್ಯುನ್ನತ ಆಡಳಿತ ನ್ಯಾಯಾಲಯವು ಬೇಟೆಗಾರರಿಗೂ ಇಂತಹ ಅಗತ್ಯವಿಲ್ಲ, ಕಿವಿಯ ರಕ್ಷಣೆಗೆ ಎಲೆಕ್ಟ್ರಾನಿಕ್ ಇಯರ್ ಮಫ್‌ಗಳು ಸಾಕು ಎಂಬ ನಿಲುವು ತಳೆಯಿತು. ಎರಡೇ ವರ್ಷಗಳಲ್ಲಿ, 2020ರ ತಿದ್ದುಪಡಿಯ ಮೂಲಕ, ಶಾಸಕಾಂಗ ಇದನ್ನು ಬದಲಿಸಿತು: ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರು ಸೆಂಟರ್ ಫೈರ್ (ತಳದ ನಡುವೆ ಬಡಿದು ಸಿಡಿಯುವ) ಮದ್ದುಗುಂಡಿನ ಉದ್ದ ನಳಿಗೆಯ ಬಂದೂಕಿಗೆ ಪ್ರತ್ಯೇಕ ಅಗತ್ಯ ತೋರಿಸದೆ ಸೈಲೆನ್ಸರ್ ಪಡೆಯಬಹುದು, ಆದರೆ ಅದನ್ನು ತಮ್ಮ ಆಯುಧ ಪತ್ರದಲ್ಲಿ ದಾಖಲಿಸಬೇಕು, ಬೇಟೆಗೂ ಬೇಟೆಗೆ ಸಂಬಂಧಿಸಿದ ಅಭ್ಯಾಸಕ್ಕೂ ಮಾತ್ರ ಬಳಸಬೇಕು. ಕ್ರೀಡಾ ಶೂಟರ್‌ಗಳಿಗೆ ಈ ಸೌಲಭ್ಯ ಸಿಗಲಿಲ್ಲ. ಅವರು ಈಗಲೂ ಅಗತ್ಯವನ್ನು ಸಾಬೀತುಪಡಿಸಬೇಕು. ರೇಂಜಿನಲ್ಲಿ ಇಯರ್ ಮಫ್ ಧರಿಸಲು ಯಾವ ಅಡ್ಡಿಯೂ ಇಲ್ಲವೆಂಬ ಉತ್ತರವೇ ಸಾಮಾನ್ಯವಾಗಿ ಬರುತ್ತದೆ. ಒಂದೇ ರೇಂಜಿನ ಅಕ್ಕಪಕ್ಕದ ಎರಡು ಸಾಲುಗಳಲ್ಲಿ ಒಂದೇ ಕ್ಯಾಲಿಬರಿನ ರೈಫಲ್ಲುಗಳಿರುವಾಗ ಒಬ್ಬರ ಕಿವಿಗೆ ಕಾನೂನು ಕೊಡುವ ರಕ್ಷಣೆ ಇನ್ನೊಬ್ಬರ ಕಿವಿಗೆ ಸಿಗದಿರುವುದು ನನಗೆ ನ್ಯಾಯವೆಂದು ತೋರುವುದಿಲ್ಲ. ಬೇಟೆಗಾರ ದಿನಕ್ಕೆ ಒಂದೆರಡು ಗುಂಡು ಹಾರಿಸಿದರೆ ಕ್ರೀಡಾ ಶೂಟರ್ ಒಂದು ಮಧ್ಯಾಹ್ನದಲ್ಲಿ ಅರವತ್ತು ಹಾರಿಸುತ್ತಾನೆ.

ಫ್ರಾನ್ಸ್ ಕೂಡ ಬೇಟೆಯಲ್ಲಿ ಸೈಲೆನ್ಸರ್ ಬಳಕೆಗೆ 2018ರ ಜನವರಿಯಲ್ಲಿ ಅವಕಾಶ ಕೊಟ್ಟಿತು. ಐರೋಪ್ಯ ಒಕ್ಕೂಟದ ಬಂದೂಕು ನಿರ್ದೇಶನದಲ್ಲಿ ಹಿಂದೆ ಸದ್ದಡಗಿಸುವ ಸಾಧನವೂ ಬಂದೂಕಿನ ಭಾಗವೆಂದು ನಮೂದಾಗಿತ್ತು. 2017ರ ತಿದ್ದುಪಡಿಯ ನಂತರ ಅತ್ಯಗತ್ಯ ಭಾಗಗಳ ಪಟ್ಟಿಯಲ್ಲಿ ಅದಿಲ್ಲ. ಆದ್ದರಿಂದ ಒಕ್ಕೂಟದ ನಿಯಮವೆಂದು ಒಂದನ್ನು ಹುಡುಕಬೇಡಿ, ಆಯಾ ದೇಶದ ಕಾನೂನನ್ನೇ ನೋಡಿ.

ಮರುಪ್ರಶ್ನೆ (ಗುಂಪಿನ ಇನ್ನೊಬ್ಬ ಸದಸ್ಯರಿಂದ):

ಸರ್, ಅಮೆರಿಕದಲ್ಲಿ ಈಗ ಸೈಲೆನ್ಸರ್ ಸಂಪೂರ್ಣ ಮುಕ್ತವಾಗಿದೆ ಎಂದು ಕೇಳಿದೆ. ಇದು ನಿಜವೇ?

ಉತ್ತರ:

ಇಲ್ಲ, ತೆರಿಗೆ ಮಾತ್ರ ಹೋಗಿದೆ. ಹಿರಾಮ್ ಪರ್ಸಿ ಮ್ಯಾಕ್ಸಿಮ್ ಎಂಬ ಸಂಶೋಧಕ 1909ರಲ್ಲಿ ಪೇಟೆಂಟ್ ಪಡೆದ ಸೈಲೆನ್ಸರ್ ಅಲ್ಲಿ ಕಾಲು ಶತಮಾನ ಮುಕ್ತವಾಗಿ ಮಾರಾಟವಾಗುತ್ತಿತ್ತು. 1934ರ ರಾಷ್ಟ್ರೀಯ ಬಂದೂಕು ಕಾಯ್ದೆ ಅದನ್ನು ಮೆಷಿನ್ ಗನ್ನುಗಳ ಸಾಲಿಗೆ ಸೇರಿಸಿ, ಪ್ರತಿ ವರ್ಗಾವಣೆಗೆ 200 ಡಾಲರ್ ತೆರಿಗೆ ವಿಧಿಸಿತು. ಆ ಕಾಲಕ್ಕೆ ಅದು ಜನಸಾಮಾನ್ಯರ ಕೈಗೆಟುಕದ ಮೊತ್ತ. ಬೆಲೆಗಳೆಲ್ಲ ಏರಿದರೂ ಆ 200 ಡಾಲರ್ ದಶಕಗಳ ಕಾಲ ಹಾಗೆಯೇ ಉಳಿಯಿತು. 2025ರಲ್ಲಿ ಅಂಗೀಕಾರವಾದ ಕಾನೂನಿನಂತೆ 2026ರ ಜನವರಿ 1ರಿಂದ ಸೈಲೆನ್ಸರಿನ ಮೇಲಿನ ತೆರಿಗೆ ಸೊನ್ನೆಯಾಗಿದೆ. ಆದರೆ ಅರ್ಜಿ, ಬೆರಳಚ್ಚು, ಭಾವಚಿತ್ರ, ಹಿನ್ನೆಲೆ ಪರಿಶೀಲನೆ ಮತ್ತು ಕೇಂದ್ರೀಯ ನೋಂದಣಿ ಹಾಗೆಯೇ ಇವೆ. ಜೊತೆಗೆ ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿ, ಇಲಿನಾಯ್, ಮ್ಯಾಸಚೂಸೆಟ್ಸ್, ರೋಡ್ ಐಲೆಂಡ್, ಡೆಲವೇರ್ ಮತ್ತು ಹವಾಯಿ ರಾಜ್ಯಗಳು ಸಾರ್ವಜನಿಕರಿಗೆ ಸೈಲೆನ್ಸರನ್ನು ನಿಷೇಧಿಸಿವೆ.

ಇಲ್ಲೊಂದು ಗಂಭೀರ ಎಚ್ಚರಿಕೆ. ಅಮೆರಿಕದ ಕಾನೂನಿನಲ್ಲಿ ಸೈಲೆನ್ಸರ್ ತಯಾರಿಸಲೆಂದು ಉದ್ದೇಶಿಸಿದ ಬಿಡಿಭಾಗಗಳೂ ಸೈಲೆನ್ಸರ್ ಎಂದೇ ಪರಿಗಣಿತವಾಗುತ್ತವೆ. ಬಂದೂಕು ಶುಚಿಗೊಳಿಸುವ ಸಾಮಗ್ರಿ ಎಂಬ ಹೆಸರಿನಲ್ಲಿ ಅಂಚೆಯಲ್ಲಿ ಬರುವ ಕೆಲವು ಕೊಳವೆಗಳನ್ನು ಕೊಂಡವರು ತಮಗೆ ಅರಿವಿಲ್ಲದೆ ಹತ್ತು ವರ್ಷಗಳವರೆಗಿನ ಸೆರೆವಾಸದ ಅಪರಾಧಕ್ಕೆ ಹತ್ತಿರವಾಗಬಹುದು. ಅಗ್ಗವೆಂದು ಅವುಗಳ ಬಳಿ ಹೋಗಬೇಡಿ.

ಮೂಲ ಪ್ರಶ್ನೆ ಕೇಳಿದವರಿಂದ:

ತುಂಬ ಧನ್ಯವಾದಗಳು. ಕೊನೆಯದಾಗಿ, ಒಂದು ದೇಶದಲ್ಲಿ ಕಾನೂನುಬದ್ಧವಾಗಿ ಪಡೆದ ಸೈಲೆನ್ಸರನ್ನು ಇನ್ನೊಂದು ದೇಶದ ಸ್ಪರ್ಧೆಗೆ ಒಯ್ಯಬಹುದೇ?

ಉತ್ತರ:

ಮೊದಲು ನಿಮ್ಮ ಸ್ಪರ್ಧೆಯ ನಿಯಮ ನೋಡಿ. ಅಂತರರಾಷ್ಟ್ರೀಯ ಶೂಟಿಂಗ್ ಕ್ರೀಡಾ ಒಕ್ಕೂಟದ (ಐಎಸ್‌ಎಸ್‌ಎಫ್) ರೈಫಲ್ ಸ್ಪರ್ಧೆಗಳಲ್ಲಿ ನಳಿಗೆಯ ತುದಿಗೆ ಜೋಡಿಸುವ ಮಜಲ್ ಬ್ರೇಕ್ ಮತ್ತು ಕಾಂಪೆನ್ಸೇಟರ್‌ಗಳಿಗೆ ಅವಕಾಶವಿಲ್ಲ, ಆದ್ದರಿಂದ ಆ ವಿಭಾಗಗಳಿಗೆ ಸೈಲೆನ್ಸರ್ ಒಯ್ಯುವ ಯೋಚನೆಯನ್ನೇ ಬಿಡಬಹುದು. ಪ್ರಿಸಿಷನ್ ರೈಫಲ್ ಸೀರೀಸ್ ಮಾದರಿಯ ದೂರದ ಗುರಿಯ ಸ್ಪರ್ಧೆಗಳಲ್ಲಿ ಅದನ್ನು ಬಳಸುವವರು ಅನೇಕರಿದ್ದಾರೆ. ನಿಮ್ಮ ಪ್ರಶ್ನೆಗೆ ಅರ್ಥವಿರುವುದು ಅಲ್ಲಿ.

ರೈಫಲ್ಲಿಗೆ ಸಿಕ್ಕ ಪ್ರವೇಶಾನುಮತಿ ಸೈಲೆನ್ಸರಿಗೂ ಸಿಕ್ಕಿದೆ ಎಂದು ಎಂದಿಗೂ ಭಾವಿಸಬೇಡಿ. ಬ್ರಿಟನ್ನಿಗೆ ಹೋಗುವ ವಿದೇಶಿ ಶೂಟರ್‌ಗೆ ಅಲ್ಲಿಯ ಆತಿಥೇಯರು ಸಂದರ್ಶಕರ ಪರವಾನಗಿಗೆ ಅರ್ಜಿ ಹಾಕಬೇಕು, ಮಾಡರೇಟರನ್ನೂ ಅದರಲ್ಲಿ ಹೆಸರಿಸಬೇಕು. ನಮ್ಮ ತಂಡದ ಹಿರಿಯ ಶೂಟರ್ ಒಬ್ಬರು ಒಂದು ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆದು ತೋರಿಸಿದಾಗ ರೈಫಲ್ಲಿನ ಸಂಖ್ಯೆ ಪತ್ರದೊಂದಿಗೆ ಸರಿಹೋಯಿತು, ಆದರೆ ಸ್ಪಂಜಿನ ಪಕ್ಕದ ಕುಳಿಯಲ್ಲಿ ಬಟ್ಟೆ ಸುತ್ತಿಟ್ಟಿದ್ದ ಗೇಣುದ್ದದ ಕಪ್ಪು ಕೊಳವೆಯ ಸಂಖ್ಯೆ ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ. ಅವರು ಆ ಸ್ಪರ್ಧೆಯನ್ನು ಅಲ್ಲಿಯೇ ಕಳೆದುಕೊಂಡರು. ಹೋಗುವ ದೇಶದ ಪರವಾನಗಿ ಅಧಿಕಾರಿಗೆ ಸೈಲೆನ್ಸರಿನ ತಯಾರಕರ ಹೆಸರು, ಕ್ಯಾಲಿಬರ್ ಮತ್ತು ಸಂಖ್ಯೆ ಬರೆದು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲಿಯೇ ಪಡೆಯಿರಿ, ನಡುವೆ ವಿಮಾನ ಬದಲಿಸುವ ದೇಶದ ನಿಯಮವನ್ನೂ ವಿಚಾರಿಸಿ.

ಉತ್ತರ ಬಾರದಿದ್ದರೆ ಅದನ್ನು ಮನೆಯ ಬಂದೂಕಿನ ಕಪಾಟಿನಲ್ಲೇ ಬೀಗ ಹಾಕಿಟ್ಟು ಹೊರಡಿ. ಹಾಗೆ ಹೊರಡುವ ಮುನ್ನ, ಸೈಲೆನ್ಸರ್ ಕಳಚಿದ ರೈಫಲ್ಲನ್ನು ರೇಂಜಿಗೆ ಒಯ್ದು ಗುರಿಯನ್ನು ಹೊಸದಾಗಿ ಹೊಂದಿಸಿಕೊಳ್ಳಿ. ತುದಿಯ ಭಾರ ಇಳಿದೊಡನೆ ಗುಂಡು ಬೀಳುವ ಜಾಗವೂ ಸರಿಯುತ್ತದೆ. ಆ ದಿನ ಪ್ಲಗ್ ಮತ್ತು ಮಫ್ ಎರಡನ್ನೂ ಹಾಕಿಕೊಳ್ಳಿ, ಕನ್ನಡಕದ ಕಡ್ಡಿಯ ಬಳಿ ಮಫ್‌ನ ಅಂಚು ಎದ್ದು ಸಂದು ಬಿಟ್ಟಿಲ್ಲವೇ ಎಂದು ಬೆರಳಿನಿಂದ ಮುಟ್ಟಿ ನೋಡಿ, ಮುಖ್ಯವಾಗಿ ಎಡಗಡೆ.